ನೆಲವೇ ಡೊಂಕಾಗಿದ್ದರೆ?

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಸಮಯ ಬಂದಾಗ ಇನ್ನೊಬ್ಬರ ಮೇಲೆ ಪ್ರಯೋಗಿಸಿಯೂ ಇದ್ದೇವೆ. ಆದರೆ ನಿಜವಾಗಿಯೂ ನೆಲವೇ ಡೊಂಕಾಗಿದ್ದರೆ? ಆಗ ಕುಣಿಯುವವಳ ತಪ್ಪೇನು?

ಈಗಿನ ಕಾಲದಲ್ಲಿ ಮನೆಮನೆಯಲ್ಲೂ ಕೇಳಿಬರುವ ಒಂದು ಮಾತುಂಟು. "ಅಯ್ಯೋ, ನಂಗೆ ಅದೆಲ್ಲಾ ಬರಲ್ಲಮ್ಮಾ. ನೀನೇ ಒತ್ತಿಕೊಡು." ಬಟ್ಟೆ ಒಗೆಯುವ ಯಂತ್ರದ ಮುಂದೆ ಅತ್ತೆಯವರು, ಬ್ಯಾಂಕಿನ ಎ.ಟಿ.ಎಂ. ಮುಂದೆ ಅಮ್ಮ, ಮೊಬೈಲು ಕೈಲಿ ಹಿಡಿದು ಪಕ್ಕದ ಮನೆಯಾಕೆ ಎಲ್ಲರ ಬಾಯಲ್ಲೂ ಇದೇ ಮಾತು. ಇವರು ಯಾರೂ ದಡ್ಡರಲ್ಲ. ಇನ್ನೂರು ಜನರ ಮದುವೆ ಊಟಕ್ಕೆ ಎಷ್ಟು ಸೇರು ಅಕ್ಕಿ, ಎಷ್ಟು ಬೇಳೆ ಎಂದು ನಿಂತ ನಿಲುವಿನಲ್ಲೇ ಲೆಕ್ಕ ಹಾಕಿ ಹೇಳಬಲ್ಲವರು! ಅಂಥವರು ನಾಲ್ಕು ಗುಂಡಿಗಳ ಯಂತ್ರದ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆಂದರೆ ಅದರ ಕಾರಣವನ್ನು ಅವರ ತಲೆಯಲ್ಲಿ ಹುಡುಕುವುದಕ್ಕಿಂತ ಯಂತ್ರದಲ್ಲಿ ಹುಡುಕುವುದು ಒಳ್ಳೆಯದು.

ಹಾಗೆ ಹುಡುಕುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರಿದ್ದಾರೆ. ಬಳಸುವ ಮನುಷ್ಯರನ್ನು ನಡುವೆ ಇಟ್ಟುಕೊಂಡು, ಅವರ ಕೈ, ಕಣ್ಣು, ನೆನಪು, ಅಭ್ಯಾಸಗಳಿಗೆ ತಕ್ಕಂತೆ ಯಂತ್ರವನ್ನು ರೂಪಿಸಬೇಕು ಎಂಬುದೇ ಅದರ ಸಾರ. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎನ್ನಬೇಡಿ. ದಿನ ಬೆಳಗಾದರೆ ಅವರು ಮಾಡಿದ್ದನ್ನು ತಿರುಗಿಸುವವರು, ಒತ್ತುವವರು ನಾವೇ ತಾನೆ?

ಒಲೆಯಿಂದಲೇ ಆರಂಭಿಸೋಣ

ಎರಡು ಬರ್ನರಿನ ಗ್ಯಾಸ್ ಒಲೆಯಲ್ಲಿ ಯಾರಿಗೂ ಗೊಂದಲವಿಲ್ಲ. ಎಡಗಡೆಯ ನಾಬ್ ಎಡಗಡೆಯ ಬರ್ನರಿಗೆ, ಬಲಗಡೆಯದು ಬಲಕ್ಕೆ. ಕಣ್ಣು ಮುಚ್ಚಿ ಬೇಕಾದರೂ ಹಚ್ಚಬಹುದು. ಅದೇ ನಾಲ್ಕು ಬರ್ನರಿನ ಒಲೆ ಬಂದಾಗ? ಬರ್ನರುಗಳು ಮುಂದೆರಡು, ಹಿಂದೆರಡು. ನಾಬ್‌ಗಳು ಮಾತ್ರ ಮುಂಭಾಗದಲ್ಲಿ ಒಂದೇ ಸಾಲಾಗಿ ನಾಲ್ಕು. ಹಿಂದಿನ ಒಲೆ ಯಾವುದಕ್ಕೆ? ಸಾರು ಸಣ್ಣ ಮಾಡಲು ಹೋಗಿ ಹಾಲಿನ ಉರಿ ದೊಡ್ಡದಾಗಿ, ಹಾಲು ಉಕ್ಕಿ ಹರಿಯುವುದು ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ? "ನೋಡ್ಕೊಂಡು ಮಾಡ್ಬಾರ್ದಾ?" ಎಂಬ ಬೈಗುಳ ಬೇರೆ.

ಈ ಪ್ರಶ್ನೆಯನ್ನು 1959ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಮತ್ತು ಅವರ ಸಹೋದ್ಯೋಗಿ ಲಿಂಡನ್‌ಬಾಮ್ ಪರೀಕ್ಷೆ ಮಾಡಿ ನೋಡಿದರು. ಬರ್ನರು ಮತ್ತು ನಾಬ್‌ಗಳನ್ನು ನಾಲ್ಕು ಬಗೆಯಲ್ಲಿ ಜೋಡಿಸಿದ ಒಲೆಗಳನ್ನು ಜನರ ಮುಂದಿಟ್ಟು, ಹೇಳಿದ ಬರ್ನರಿನ ನಾಬ್ ಹಿಡಿಯಲು ಹೇಳಿದರು. ಬರ್ನರುಗಳು ಚೌಕವಾಗಿದ್ದ ಒಲೆಗಳಲ್ಲಿ, ನಾಬ್‌ಗಳನ್ನು ಹೇಗೆ ಜೋಡಿಸಿದರೂ ಜನ ತಪ್ಪುತ್ತಲೇ ಇದ್ದರು. ಆದರೆ ಬರ್ನರುಗಳನ್ನೇ ಸ್ವಲ್ಪ ಓರೆಯಾಗಿ ಸರಿಸಿ, ಪ್ರತಿಯೊಂದರ ನೇರಕ್ಕೆ ಅದರದೇ ನಾಬ್ ಬರುವಂತೆ ಮಾಡಿದ ಒಲೆಯಲ್ಲಿ ಒಬ್ಬರಾದರೂ ತಪ್ಪಲಿಲ್ಲ! ಜನ ಅವರೇ, ಬದಲಾದದ್ದು ಒಲೆ.

ಈ ಚಪಾನಿಸ್ ಅವರಿಗೆ ಅದಕ್ಕೂ ಮುಂಚಿನ ಅನುಭವವೊಂದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ಎಂಬ ಬಾಂಬರ್ ವಿಮಾನಗಳು ಯುದ್ಧ ಮುಗಿಸಿ ಬಂದು, ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯಡಿಯಾಗಿ ಕುಸಿದುಬಿಡುತ್ತಿದ್ದವು. ಚಾಲಕರ ಅಜಾಗ್ರತೆ ಎಂದು ವರದಿ ಬರೆಯಲಾಗುತ್ತಿತ್ತು. ಚಪಾನಿಸ್ ಒಳಗೆ ಹೋಗಿ ನೋಡಿದರೆ, ರೆಕ್ಕೆಯ ಮಡಿಕೆಯನ್ನು ಎತ್ತುವ ಸ್ವಿಚ್ಚು ಮತ್ತು ಚಕ್ರಗಳನ್ನು ಎತ್ತುವ ಸ್ವಿಚ್ಚು ಪಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ, ಅವಳಿ ಮಕ್ಕಳ ಹಾಗೆ ಇದ್ದವು. ಬಳಲಿದ ಕೈ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿತ್ತು. ಅವರು ಒಂದಕ್ಕೆ ಪುಟ್ಟ ರಬ್ಬರ್ ಚಕ್ರವನ್ನೂ ಇನ್ನೊಂದಕ್ಕೆ ರೆಕ್ಕೆಯ ಮಡಿಕೆಯಂಥ ತುಂಡನ್ನೂ ಅಂಟಿಸಿದರು. ತೊಂದರೆ ನಿಂತಿತು. ಇಂದಿಗೂ ವಿಮಾನಗಳಲ್ಲಿ ಚಕ್ರ ಇಳಿಸುವ ಹಿಡಿಗೆ ಚಕ್ರದ ಆಕಾರವೇ ಇರುತ್ತದೆ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿಗಳನ್ನು ಬೇರೆ ಬೇರೆ ಆಕಾರದವಾಗಿ ಇಟ್ಟುಕೊಳ್ಳುವ ನಮ್ಮ ಜಾಣತನವೂ ಇದೇ ಅಲ್ಲವೆ?

ರವಿಕೆ ಹೊಲಿಸುವ ಕ್ರಮ

ಇಂಥ ಅನುಭವಗಳನ್ನೆಲ್ಲ ಒಟ್ಟುಗೂಡಿಸಿ, ಐ.ಎಸ್.ಓ. ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1999ರಲ್ಲಿ ಒಂದು ಕ್ರಮವನ್ನು ಬರೆದಿಟ್ಟಿತು. 2010ರಲ್ಲಿ ಅದರ ಜಾಗಕ್ಕೆ 9241-210 ಎಂಬ ಹೊಸ ಸಂಖ್ಯೆಯ ಮಾನಕ ಬಂತು. 2019ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದರು. ಸಂಖ್ಯೆ ನೋಡಿ ಹೆದರಬೇಕಾಗಿಲ್ಲ. ಅದರಲ್ಲಿರುವ ನಾಲ್ಕು ಹೆಜ್ಜೆಗಳು ರವಿಕೆ ಹೊಲಿಸಿದವರಿಗೆಲ್ಲ ಚೆನ್ನಾಗಿ ಗೊತ್ತು.

ಮೊದಲನೆಯದು, ಯಾರಿಗೆ, ಯಾವ ಸಂದರ್ಭಕ್ಕೆ ಎಂದು ತಿಳಿಯುವುದು. ಒಳ್ಳೆಯ ದರ್ಜಿ ಬಟ್ಟೆ ಕೈಗೆ ತೆಗೆದುಕೊಂಡ ಕೂಡಲೇ ಕೇಳುತ್ತಾನೆ: "ಮದುವೆಗೋ, ಮನೆಗೋ? ಮಗು ಹಾಲು ಕುಡಿಯುತ್ತಾ?" ಹಾಗೆಯೇ ಯಂತ್ರ ಮಾಡುವವರು ಬಳಸುವವರು ಯಾರು, ಅವರ ಕೆಲಸವೇನು, ಎಂಥ ಜಾಗದಲ್ಲಿ ಬಳಸುತ್ತಾರೆ ಎಂದು ಹೋಗಿ ನೋಡಬೇಕು. ಅಡಿಗೆಮನೆಯಲ್ಲಿ ಕೈ ಒದ್ದೆ, ಒಗ್ಗರಣೆ ಹೊಗೆ, ಸೊಂಟದಲ್ಲಿ ಮಗು. ಕಂಪನಿಯ ತಣ್ಣನೆಯ ಕೊಠಡಿಯಲ್ಲಿ ಕುಳಿತರೆ ಇವು ಕಾಣುವುದುಂಟೆ?

ಎರಡನೆಯದು, ಬೇಕಾದದ್ದನ್ನು ಅಳತೆಯಾಗಿ ಬರೆದಿಡುವುದು. ಇದು ಬಹಳ ಮುಖ್ಯ. "ಚೆನ್ನಾಗಿ ಹೊಲಿಯಪ್ಪಾ" ಎಂದು ಹೇಳಿ ಬಂದರೆ ರವಿಕೆ ಏನಾದೀತೆಂದು ನಮಗೆ ಗೊತ್ತು. ತೋಳು ಎಷ್ಟು ಇಂಚು, ಕತ್ತು ಎಷ್ಟು ಇಳಿಯಬೇಕು ಎಂದು ಚೀಟಿಯಲ್ಲಿ ಬರೆಸಬೇಕು. ಹಾಗೆಯೇ "ಯಂತ್ರ ಸುಲಭವಾಗಿರಲಿ" ಎಂದರೆ ಅದು ಅಳತೆಯಲ್ಲ. "ಅರವತ್ತು ದಾಟಿದ, ಕನ್ನಡ ಮಾತ್ರ ಓದಬಲ್ಲ ಹೆಂಗಸು, ಮೊದಲ ಸಲ ಬಂದಾಗಲೇ, ಯಾರನ್ನೂ ಕೇಳದೆ, ಮೂರು ನಿಮಿಷದೊಳಗೆ ತನ್ನ ಹಣ ತೆಗೆದುಕೊಂಡು ಹೋಗುವಂತಿರಬೇಕು" ಎಂದರೆ ಅದು ಅಳತೆ! ಅದನ್ನು ಪರೀಕ್ಷಿಸಬಹುದು, ಆಗಿದೆಯೋ ಇಲ್ಲವೋ ಎಂದು ಹೇಳಬಹುದು. ಕೆಲಸ ಪೂರ್ತಿಯಾಯಿತೆ, ಎಷ್ಟು ಶ್ರಮದಲ್ಲಿ ಆಯಿತು, ಮಾಡಿದವಳಿಗೆ ಸಮಾಧಾನವಾಯಿತೆ ಎಂಬ ಮೂರನ್ನೂ ಅಳೆಯಬೇಕೆಂದು ಮಾನಕವೇ ಹೇಳುತ್ತದೆ.

ಮೂರನೆಯದು, ಆ ಅಳತೆಗೆ ತಕ್ಕಂತೆ ಕತ್ತರಿಸಿ ಕಚ್ಚಾ ಹೊಲಿಗೆ ಹಾಕುವುದು. ಯಂತ್ರದ ಮಾತಿನಲ್ಲಿ ಹೇಳುವುದಾದರೆ ರಟ್ಟಿನಲ್ಲೋ ಕಾಗದದಲ್ಲೋ ಒಂದು ಮಾದರಿ ಮಾಡುವುದು. ನಾಲ್ಕನೆಯದು, ತೊಡಿಸಿ ನೋಡುವುದು. ಕಂಕುಳಲ್ಲಿ ಬಿಗಿಯಾದರೆ ಬಿಚ್ಚಿ ಮತ್ತೆ ಹೊಲಿಯುವುದು. "ನಿಮ್ಮ ತೋಳೇ ದಪ್ಪ" ಎಂದು ಬೈದು ಕಳಿಸುವ ದರ್ಜಿಯ ಬಳಿಗೆ ನಾವು ಎರಡನೆಯ ಸಲ ಹೋಗುತ್ತೇವೆಯೆ? ಯಂತ್ರಗಳ ವಿಷಯದಲ್ಲಿ ಮಾತ್ರ ಆ ಬೈಗುಳವನ್ನು ನಮಗೆ ನಾವೇ ಬೈದುಕೊಳ್ಳುತ್ತಿದ್ದೇವೆ.

ಹನ್ನೆರಡು ಮಕ್ಕಳ ತಾಯಿ

ಹೆಂಗಸರನ್ನು ಕೇಳಿಯೇ ವಸ್ತುಗಳನ್ನು ರೂಪಿಸಬೇಕೆಂದು ಹೊರಟವರಲ್ಲಿ ಒಬ್ಬರು ಲಿಲಿಯನ್ ಗಿಲ್‌ಬ್ರೆತ್. 1878ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈಕೆ ಹನ್ನೆರಡು ಮಕ್ಕಳ ತಾಯಿ. ಗಂಡನ ಜೊತೆ ಸೇರಿ, ಕಾರ್ಖಾನೆಗಳಲ್ಲಿ ಕೆಲಸಗಾರರ ಶ್ರಮ ಹೇಗೆ ಕಡಿಮೆ ಮಾಡಬಹುದೆಂದು ಅಭ್ಯಾಸ ಮಾಡುತ್ತಿದ್ದರು. 1924ರಲ್ಲಿ ಗಂಡ ತೀರಿಕೊಂಡಾಗ, ಹೆಂಗಸೊಬ್ಬಳ ಸಲಹೆ ತಮಗೆ ಬೇಡವೆಂದು ಕೆಲವು ಕಂಪನಿಗಳು ಮುಖ ತಿರುಗಿಸಿದವು. ಆಕೆ ಎದೆಗುಂದಲಿಲ್ಲ. ಕಾರ್ಖಾನೆಯ ಬಾಗಿಲು ಮುಚ್ಚಿದರೇನು, ಅಡಿಗೆಮನೆಯೇನು ಸಣ್ಣ ಕಾರ್ಖಾನೆಯೇ ಎಂದುಕೊಂಡರು.

ಒಲೆ ಎಷ್ಟು ಎತ್ತರ ಇರಬೇಕು, ಪಾತ್ರೆ ತೊಳೆಯುವ ತೊಟ್ಟಿ ಎಷ್ಟು ಎತ್ತರ ಇರಬೇಕು ಎಂದು ಸಾವಿರಾರು ಗೃಹಿಣಿಯರನ್ನೇ ವಿಚಾರಿಸಿದರು. ಕಾಲಿನಿಂದ ಮೆಟ್ಟಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ರೆಫ್ರಿಜರೇಟರಿನ ಬಾಗಿಲ ಒಳಗಡೆಯ ಅಟ್ಟಣಿಗೆ, ಇವೆಲ್ಲ ಆಕೆಯ ಕಲ್ಪನೆಗಳೆಂದು ಹೇಳುತ್ತಾರೆ. ಎರಡೂ ಕೈಗಳಲ್ಲಿ ತರಕಾರಿ ಸಿಪ್ಪೆ ಹಿಡಿದು ನಿಂತವಳಿಗೆ ಮುಚ್ಚಳ ತೆಗೆಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಆ ಕೆಲಸ ಮಾಡಿದವಳಿಗೇ ಈ ಪ್ರಶ್ನೆ ಹೊಳೆಯುವುದು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿಕೊಂಡದ್ದು ಈಕೆಯನ್ನೇ.

ನಾಲ್ಕು ಅಂಕಿಯ ಗುಟ್ಟು

ಈಗ ಎ.ಟಿ.ಎಂ. ಕಥೆ ಕೇಳಿ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್ ಎಂಬಲ್ಲಿ ಬ್ಯಾಂಕೊಂದು ಹಣ ಕೊಡುವ ಯಂತ್ರವನ್ನು ಆರಂಭಿಸಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಗುಪ್ತ ಸಂಖ್ಯೆ ಆರು ಅಂಕಿಯದಾಗಿರಲಿ ಎಂದು ಆತ ಯೋಚಿಸಿದ್ದರು; ಸೈನ್ಯದಲ್ಲಿದ್ದಾಗಿನ ತಮ್ಮ ಸಂಖ್ಯೆ ಅವರಿಗೆ ಬಾಯಿಪಾಠವಾಗಿತ್ತಲ್ಲ! ಅಡಿಗೆಮನೆಯ ಮೇಜಿನ ಬಳಿ ಹೆಂಡತಿ ಕ್ಯಾರೊಲಿನ್ ಅವರನ್ನು ಕೇಳಿದರೆ, ಆಕೆ ನಾಲ್ಕು ಅಂಕಿಯಾದರೆ ನೆನಪಿಡಬಲ್ಲೆ ಎಂದರಂತೆ. ಹಾಗಾಗಿ ನಾಲ್ಕೇ ಆಯಿತೆಂದು ಮುಂದೆ ಅವರೇ ಹೇಳಿಕೊಂಡರು. ಜಗತ್ತಿನ ಬಹುಪಾಲು ಯಂತ್ರಗಳಲ್ಲಿ ಇಂದಿಗೂ ಅದೇ ಅಳತೆ. ಎದುರಿಗಿದ್ದವರನ್ನು ಒಂದು ಮಾತು ಕೇಳಿದ್ದರ ಫಲ ನೋಡಿ!

ಎ.ಟಿ.ಎಂ. ಯಂತ್ರದಲ್ಲಿ ಇನ್ನೊಂದು ಪಾಠವೂ ಉಂಟು. ಮೊದಮೊದಲು ಎಷ್ಟೋ ಯಂತ್ರಗಳು ಹಣ ಕೊಟ್ಟು, ಆಮೇಲೆ ಕಾರ್ಡನ್ನು ಹಿಂದಿರುಗಿಸುತ್ತಿದ್ದವು. ಹಣ ಕೈಗೆ ಬಂದರೆ ಬಂದ ಕೆಲಸ ಆಯಿತೆಂದು ಮನಸ್ಸು ನಿರಾಳವಾಗುತ್ತದೆ. ಜನ ಕಾರ್ಡ್ ಬಿಟ್ಟು ಹೊರಟುಬಿಡುತ್ತಿದ್ದರು. "ಕಾರ್ಡ್ ಮರೆಯಬೇಡಿ" ಎಂದು ಫಲಕ ಹಾಕಿದರೆ ಮರೆವು ನಿಲ್ಲುವುದಿಲ್ಲ. ಅದರ ಬದಲು ಕಾರ್ಡ್ ತೆಗೆದುಕೊಂಡ ಮೇಲೆಯೇ ಹಣ ಬರುವಂತೆ ಕ್ರಮ ಬದಲಾಯಿಸಿದರು. ಹಣಕ್ಕಾಗಿ ಬಂದವರು ಹಣ ಮರೆತು ಹೋಗುವರೆ? ಮನುಷ್ಯ ಮರೆಯುವುದು ಸಹಜ ಎಂದು ಒಪ್ಪಿಕೊಂಡು, ಮರೆತರೂ ನಷ್ಟವಾಗದಂತೆ ಮಾಡುವುದೇ ಜಾಣ ವಿನ್ಯಾಸ.

ನಮ್ಮ ದೇಶದಲ್ಲೂ ಇಂಥ ಯೋಚನೆಗಳಾಗಿವೆ. 2022ರ ಮಾರ್ಚ್ 8ರಂದು, ಅಂದರೆ ಮಹಿಳಾ ದಿನದಂದೇ, ರಿಸರ್ವ್ ಬ್ಯಾಂಕು ಗುಂಡಿ ಒತ್ತುವ ಸಾದಾ ಮೊಬೈಲಿನಿಂದಲೂ ಹಣ ಕಳಿಸುವ ಯು.ಪಿ.ಐ. 123 ಪೇ ವ್ಯವಸ್ಥೆಯನ್ನು ಆರಂಭಿಸಿತು. ದೊಡ್ಡ ಮೊಬೈಲು ಇಲ್ಲದವರನ್ನು ಹೊರಗೆ ನಿಲ್ಲಿಸದ ಏರ್ಪಾಡು ಅದು. ಅಂಗಡಿಗಳಲ್ಲಿ "ಇಷ್ಟು ರೂಪಾಯಿ ಬಂದಿದೆ" ಎಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯನ್ನು ನೋಡಿದ್ದೀರಲ್ಲ? ಬಜ್ಜಿ ಕರಿಯುವಾಕೆ ಬಾಣಲೆಯಿಂದ ಕಣ್ಣು ತೆಗೆಯಬೇಕಾಗಿಲ್ಲ, ಎಣ್ಣೆ ಕೈಯಲ್ಲಿ ಮೊಬೈಲು ಮುಟ್ಟಬೇಕಾಗಿಲ್ಲ, ಓದು ಬಾರದಿದ್ದರೂ ಮೋಸ ಹೋಗಬೇಕಾಗಿಲ್ಲ.

ಕನ್ನಡ ಬೆರಳಚ್ಚಿನ ವಿಷಯವೂ ಹೀಗೆಯೇ. ಕೆ. ಪಿ. ರಾವ್ ಅವರು ಕಂಪ್ಯೂಟರಿಗಾಗಿ ರೂಪಿಸಿದ ಕೀಲಿಮಣೆಯಲ್ಲಿ 'ಕ'ಕಾರದ ಕೀಲಿಯನ್ನೇ ಇನ್ನೊಂದು ಕೀಲಿಯ ಜೊತೆ ಒತ್ತಿದರೆ 'ಖ' ಬರುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ಶಾಲೆಯಲ್ಲಿ ಕಲಿತದ್ದೇ ಬೆರಳಿಗೂ ದಾರಿ ತೋರಿಸುತ್ತದೆ. ಹೊಸದಾಗಿ ಬಾಯಿಪಾಠ ಮಾಡುವ ಹೊರೆ ಅಷ್ಟರಮಟ್ಟಿಗೆ ಕಡಿಮೆ.

ಕೋಟಿ ಕೋಟಿ ಬೆರಳುಗಳ ಯಂತ್ರ

ನಮ್ಮ ದೇಶದಲ್ಲಿ ಅಕ್ಷರಸ್ಥರು, ಅನಕ್ಷರಸ್ಥರು, ಕುರುಡರು, ವೃದ್ಧರು ಎಲ್ಲರೂ ಒಂದೇ ರೀತಿ ಬಳಸಬೇಕಾದ ಯಂತ್ರ ಯಾವುದು? ಮತಯಂತ್ರ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಇನ್ನೊಂದು ಹೈದರಾಬಾದಿನ ಇ.ಸಿ.ಐ.ಎಲ್. ಯಂತ್ರದ ಹೊರರೂಪವನ್ನು ವಿನ್ಯಾಸ ಮಾಡಿದವರು ಮುಂಬಯಿ ಐ.ಐ.ಟಿ.ಯ ವಿನ್ಯಾಸ ಕೇಂದ್ರದ ಅಧ್ಯಾಪಕರು.

1951-52ರ ಮೊದಲ ಮಹಾಚುನಾವಣೆಯಲ್ಲೇ ಓದಲು ಬಾರದವರಿಗಾಗಿ ಚಿಹ್ನೆಗಳನ್ನು ತಂದಿದ್ದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಅದೇ ಚುನಾವಣೆಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಉತ್ತರದ ಕಡೆ ಅನೇಕ ಹೆಂಗಸರು ಪಟ್ಟಿಗೆ ತಮ್ಮ ಹೆಸರು ಹೇಳಲು ಒಪ್ಪದೆ "ಇಂಥವರ ಹೆಂಡತಿ", "ಇಂಥವರ ಮಗಳು" ಎಂದು ಬರೆಸಿದರು. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕಾಗದದ ಕಲಮು ಒಂದು ದಾರಿ, ಜನರ ರೂಢಿ ಇನ್ನೊಂದು ದಾರಿ ಆದಾಗ ನಷ್ಟ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮತಯಂತ್ರವನ್ನು ಮೊದಲು ಪ್ರಯೋಗಿಸಿದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಎಲ್ಲ ಲೋಕಸಭಾ ಕ್ಷೇತ್ರಗಳಲ್ಲೂ ಅದು ಬಂದದ್ದು 2004ರಲ್ಲಿ. ನಡುವಿನ 22 ವರ್ಷಗಳಲ್ಲಿ ನ್ಯಾಯಾಲಯದ ತೀರ್ಪು, ಕಾನೂನಿನ ತಿದ್ದುಪಡಿ, ಕೆಲವೇ ಕ್ಷೇತ್ರಗಳಲ್ಲಿ ಪ್ರಯೋಗ ಎಲ್ಲ ಆದವು. ತೊಡಿಸಿ ನೋಡಿ, ಬಿಚ್ಚಿ ಹೊಲಿದ ಹಾಗೆ!

ಅದರ ಮುಂದೆ ನಿಂತದ್ದನ್ನು ನೆನಪು ಮಾಡಿಕೊಳ್ಳಿ. ಹೆಸರು, ಚಿಹ್ನೆ, ಅದರ ನೇರಕ್ಕೇ ಒಂದು ನೀಲಿ ಗುಂಡಿ. ಒಲೆಯ ನಾಬಿನ ಪಾಠವೇ ಇಲ್ಲಿದೆ. ಒತ್ತಿದರೆ ಕೆಂಪು ದೀಪ, ಆಮೇಲೆ ಉದ್ದನೆಯ ಸದ್ದು. ಕಣ್ಣಿಗೂ ಉತ್ತರ, ಕಿವಿಗೂ ಉತ್ತರ. ಗಾಬರಿಯಲ್ಲಿ ಎರಡು ಸಲ ಒತ್ತಿದರೂ ಎರಡು ಮತ ಬೀಳುವುದಿಲ್ಲ. ಅಧಿಕಾರಿ ಮತ್ತೆ ಅನುವು ಮಾಡಿಕೊಡುವ ತನಕ ಯಂತ್ರ ಸುಮ್ಮನಿರುತ್ತದೆ. ಕಣ್ಣು ಕಾಣದವರಿಗೆ ಬ್ರೈಲ್ ಅಂಕಿಗಳಿವೆ. ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ. "ನಾನು ಒತ್ತಿದ್ದು ಸರಿಯಾಗಿ ಬಿತ್ತೆ?" ಎಂಬ ಅನುಮಾನಕ್ಕೆ 2013ರಿಂದ ಚೀಟಿ ತೋರಿಸುವ ಪೆಟ್ಟಿಗೆಯೂ ಬಂತು, ಏಳು ಸೆಕೆಂಡು ಗಾಜಿನ ಹಿಂದೆ ಚೀಟಿ ಕಾಣಿಸುತ್ತದೆ. ಆ ಪರದೆಯ ಹಿಂದೆ ಗಂಡನಿಲ್ಲ, ಮಗನಿಲ್ಲ. ಅವಳ ಮತ ಅವಳದೇ. ಒಳ್ಳೆಯ ವಿನ್ಯಾಸ ಕೊಡುವ ದೊಡ್ಡ ವರ ಅದೇ: ಸ್ವಾತಂತ್ರ್ಯ.

ಕೇಳದೆ ಮಾಡಿದರೆ

ಕೇಳದೆ ಮಾಡಿದರೆ ಕಳೆದುಹೋಗುವುದೂ ಆ ಸ್ವಾತಂತ್ರ್ಯವೇ. ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ಯಜಮಾನರು ಹೋದ ಮೇಲೆ ಪಿಂಚಣಿ ಅವರ ಹೆಸರಿಗೆ ಬರುತ್ತದೆ. ಯಂತ್ರದ ಅಕ್ಷರ ಸಣ್ಣದು, ಬಿಸಿಲಿಗೆ ಪರದೆ ಕಾಣದು. ಓದಿ ಮುಗಿಸುವುದರೊಳಗೆ ಸಮಯ ಮೀರಿತೆಂದು ಕಾರ್ಡ್ ಹೊರಕ್ಕೆ ಬರುತ್ತದೆ. ಹಿಂದೆ ಸಾಲಿನಲ್ಲಿ ನಿಂತವರ ಗೊಣಗಾಟ. ಕೊನೆಗೆ ಅಲ್ಲಿ ನಿಂತ ಯಾವುದೋ ಹುಡುಗನ ಕೈಗೆ ಕಾರ್ಡ್ ಕೊಟ್ಟು, ನಾಲ್ಕು ಅಂಕಿಯನ್ನೂ ಹೇಳುತ್ತಾರೆ. "ಇನ್ನೇನು ಮಾಡ್ಲಿ ಹೇಳಮ್ಮ, ಅವನು ಒಳ್ಳೆಯವನ ಹಾಗೆ ಕಂಡ" ಎನ್ನುತ್ತಾರೆ. ಅದುವರೆಗೆ ಹುಡುಗರೆಲ್ಲ ಒಳ್ಳೆಯವರೇ ಸಿಕ್ಕಿದ್ದು ಅವರ ಪುಣ್ಯ. ಆದರೆ ತನ್ನ ಖಾತೆಯಲ್ಲಿ ಎಷ್ಟಿದೆಯೆಂದು ತಾನೇ ತಿಳಿಯಲಾಗದ ಹೆಂಗಸು ಪುಣ್ಯದ ಮೇಲೆಯೇ ಎಷ್ಟು ದಿನ ಬದುಕಬೇಕು?

ದೂರವಾಣಿಯಲ್ಲಿ ದೂರು ಕೊಡಹೋದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಗೊತ್ತಿಲ್ಲದ ಭಾಷೆಗಳಲ್ಲಿ ಹೇಳುತ್ತಾ ಹೋಗಿ, ಕನ್ನಡದ ಸರದಿ ಕೊನೆಗೆ ಬರುತ್ತದೆ. ಹೊಸ ಒಲೆಗಳಲ್ಲಿ ಕೈಗೆ ಸಿಗುವ ಗುಂಡಿಯೇ ಇಲ್ಲ, ನುಣುಪಾದ ಗಾಜು. ಒದ್ದೆ ಬೆರಳಿಟ್ಟರೆ ಕೇಳುವುದಿಲ್ಲ, ಬಟ್ಟೆ ತಾಗಿದರೆ ಕೇಳುತ್ತದೆ! ಇವೆಲ್ಲ ನಮ್ಮ ದಡ್ಡತನವಲ್ಲ. ಎರಡನೆಯ ಹೆಜ್ಜೆಯಲ್ಲಿ ನಮ್ಮ ಅಳತೆ ಬರೆಯದೆ ಬಿಟ್ಟದ್ದರ ಫಲ.

ನಾವು ಮಾಡಬಹುದಾದದ್ದು

1. ಹೊಸ ವಸ್ತು ಕೊಳ್ಳುವಾಗ ಅಂಗಡಿಯವರು ನಡೆಸಿ ತೋರಿಸಿದರೆ ಸಾಲದು. "ನೀವು ಸುಮ್ಮನಿರಿ, ನಾನೇ ಮಾಡಿ ನೋಡ್ತೀನಿ" ಎನ್ನಿ. ಯಾರೂ ಹೇಳಿಕೊಡದೆ ಎಷ್ಟು ದೂರ ಹೋಗಬಲ್ಲಿರಿ ಎಂಬುದೇ ನಿಜವಾದ ಪರೀಕ್ಷೆ. ಮನೆಯಲ್ಲಿ ಹೆಚ್ಚು ಬಳಸುವವರು ಅತ್ತೆಯವರಾದರೆ ಅವರನ್ನೇ ಕರೆದುಕೊಂಡು ಹೋಗಿ.

2. ಕನ್ನಡಕ ತೆಗೆದು ನೋಡಿ. ಗುಂಡಿಯ ಮೇಲಿನ ಗುರುತು ಕಾಣುತ್ತದೆಯೆ? ಮುಟ್ಟಿದರೆ ಗೊತ್ತಾಗುತ್ತದೆಯೆ? ಒತ್ತಿದ ಮೇಲೆ ದೀಪವೋ ಸದ್ದೋ ಉತ್ತರ ಕೊಡುತ್ತದೆಯೆ? ತಪ್ಪಿ ಒತ್ತಿದರೆ ಹಿಂದಕ್ಕೆ ಬರಲು ದಾರಿ ಇದೆಯೆ?

3. ಮನೆಯಲ್ಲಿರುವ ಗೊಂದಲದ ಯಂತ್ರಕ್ಕೆ ನೀವೇ ಗುರುತು ಮಾಡಿ. ಚಪಾನಿಸ್ ಅಂಟಿಸಿದ್ದೂ ರಬ್ಬರಿನ ತುಂಡನ್ನೇ. ದಿನಾ ಒತ್ತುವ ಗುಂಡಿಯ ಪಕ್ಕದಲ್ಲಿ ಒಂದು ಬಿಂದಿ ಅಂಟಿಸಿದರೂ ಸಾಕು. ಹಿಂದಿನ ಬರ್ನರಿನ ನಾಬಿಗೆ ಉಗುರುಬಣ್ಣದ ಚುಕ್ಕೆ ಇಟ್ಟರೂ ಆಯಿತು.

4. ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಯಂತ್ರ ಒಗ್ಗದಿದ್ದರೆ ಬ್ಯಾಂಕಿನ ಒಳಗೆ ಹೋಗಿ ಸಿಬ್ಬಂದಿಯಿಂದಲೇ ಹಣ ಪಡೆಯುವುದರಲ್ಲಿ ಸಂಕೋಚವೇನೂ ಇಲ್ಲ. ಹಿರಿಯರಿಗೆ ಕಲಿಸುವಾಗ ನೀವು ಒತ್ತಿ ತೋರಿಸಬೇಡಿ. ಕೈ ಹಿಂದೆ ಕಟ್ಟಿಕೊಂಡು, ಅವರ ಬೆರಳಿನಿಂದಲೇ ಒತ್ತಿಸಿ.

5. ದೂರನ್ನು ಅಳತೆಯಾಗಿ ಬರೆಯಿರಿ. "ನಿಮ್ಮ ಯಂತ್ರ ಸರಿಯಿಲ್ಲ" ಎಂದು ಬರೆದರೆ ಅದು ಕಸದ ಬುಟ್ಟಿಗೆ ಹೋದೀತು. "ಮಧ್ಯಾಹ್ನ ಪರದೆಯ ಮೇಲೆ ಬಿಸಿಲು ಬಿದ್ದು ಅಕ್ಷರ ಕಾಣುವುದಿಲ್ಲ, ಒಂದು ಮರೆ ಹಾಕಿಸಿ" ಎಂದು ಬರೆದರೆ ಮಾಡುವವರಿಗೂ ದಾರಿ ತಿಳಿಯುತ್ತದೆ. ನಾಲ್ಕೈದು ಮಂದಿ ಸೇರಿ, ಮಹಿಳಾ ಸಮಾಜದ ಮೂಲಕ ಬರೆದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಯಾರಾದರೂ "ನಂಗೆ ಬರಲ್ಲಮ್ಮಾ" ಎಂದರೆ ತಕ್ಷಣ ಯಂತ್ರವನ್ನು ಅವರ ಕೈಯಿಂದ ಕಸಿದುಕೊಳ್ಳಬೇಡಿ. "ಎಲ್ಲಿ ಸಿಕ್ಕಿಹಾಕಿಕೊಂಡಿತು? ಏನು ಒತ್ತಬೇಕು ಅಂತ ಅನ್ನಿಸಿತು?" ಎಂದು ಕೇಳಿ. ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ತಜ್ಞರು ಕೇಳುವುದೂ ಇದೇ ಪ್ರಶ್ನೆಯನ್ನು. ಉತ್ತರ ಕೇಳಿದ ಮೇಲೆ, ಡೊಂಕು ಕುಣಿತದಲ್ಲಿದೆಯೋ ನೆಲದಲ್ಲಿದೆಯೋ ನಿಮಗೇ ತಿಳಿಯುತ್ತದೆ. ನೆಲ ಡೊಂಕಾಗಿದ್ದರೆ ಧೈರ್ಯವಾಗಿ ಹಾಗೆಂದು ಹೇಳಿ. ಹೇಳದೆ ಸರಿಪಡಿಸುವವರು ಯಾರು?